ಗಗನಯಾತ್ರಿ ತೇಲುವಲ್ಲಿಯೂ ಗುರುತ್ವವಿದೆ: ಸೆಳೆತವನ್ನು ಅಳೆಯುವುದು ಹೇಗೆ?

ಬಾಹ್ಯಾಕಾಶ ನಿಲ್ದಾಣದೊಳಗೆ ಗಗನಯಾತ್ರಿಗಳು ತೇಲಾಡುವ ವಿಡಿಯೊ ನೋಡದವರು ಈಗ ಕಡಿಮೆ. ನೀರು ಉಂಡೆಯಾಗಿ ಗಾಳಿಯಲ್ಲಿ ನಿಲ್ಲುತ್ತದೆ, ಕೈಬಿಟ್ಟ ಪೆನ್ನು ಬಿಟ್ಟಲ್ಲಿಯೇ ಇರುತ್ತದೆ. ಜೊತೆಗೆ ಬರುವ ವಿವರಣೆ ಸಾಮಾನ್ಯವಾಗಿ ಒಂದೇ ಸಾಲಿನದು: 'ಅಲ್ಲಿ ಗುರುತ್ವಾಕರ್ಷಣೆ ಇಲ್ಲ.' ಈ ಸಾಲು ತಪ್ಪು. ನಿಲ್ದಾಣ ಸುತ್ತುತ್ತಿರುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಹಾಗೆಯೇ ಇದೆ. ಅಷ್ಟೆತ್ತರದ ಗೋಪುರವೊಂದನ್ನು ಕಟ್ಟಿ ಅದರ ತುದಿಗೆ ಹತ್ತಿದರೆ ನೀವು ತೇಲುವುದಿಲ್ಲ. ಕಾಲೂರಿ ಗಟ್ಟಿಯಾಗಿ ನಿಂತಿರುತ್ತೀರಿ, ಮೈ ತುಸು ಹಗುರವೆನಿಸಬಹುದು, ಅಷ್ಟೇ.

ಹಾಗಾದರೆ ತೇಲುವುದು ಏಕೆ? ಉತ್ತರ ಕಷ್ಟವಿಲ್ಲ, ಆದರೆ ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. 'ಈ ಜಾಗದಲ್ಲಿ ಗುರುತ್ವ ಇಷ್ಟಿದೆ' ಎಂದು ಹೇಳಲು ಅಳತೆ ಯಾವುದು? ಭೌತಶಾಸ್ತ್ರದಲ್ಲಿ ಆ ಅಳತೆಯ ಹೆಸರು ಗುರುತ್ವ ಕ್ಷೇತ್ರ ತೀವ್ರತೆ. ಪಠ್ಯಪುಸ್ತಕದಲ್ಲಿ ಇದು ಒಂದು ಸೂತ್ರವಾಗಿ ಬಂದು ಹೋಗುತ್ತದೆ. ಅದರ ಹಿಂದಿನ ವಿಚಾರ ಮಾತ್ರ ಒಮ್ಮೆ ಮನಸ್ಸಿಗೆ ಹತ್ತಿದರೆ ಮರೆಯುವಂಥದ್ದಲ್ಲ.

ತೂಕ ಬೇರೆ, ದ್ರವ್ಯರಾಶಿ ಬೇರೆ

ದಿನಬಳಕೆಯಲ್ಲಿ 'ನನ್ನ ತೂಕ 60 ಕಿಲೋ' ಎನ್ನುತ್ತೇವೆ. ಭೌತಶಾಸ್ತ್ರದ ಲೆಕ್ಕದಲ್ಲಿ ಆ 60 ಕಿಲೋಗ್ರಾಂ ತೂಕವಲ್ಲ, ದ್ರವ್ಯರಾಶಿ. ಅಂದರೆ ದೇಹದಲ್ಲಿರುವ ದ್ರವ್ಯದ ಮೊತ್ತ. ನೀವು ಚಂದ್ರನ ಮೇಲಿದ್ದರೂ, ಎರಡು ನಕ್ಷತ್ರಗಳ ನಡುವಿನ ಬಯಲಿನಲ್ಲಿದ್ದರೂ ಅದು 60 ಕಿಲೋಗ್ರಾಮೇ.

ತೂಕವೆಂದರೆ ಆ ದ್ರವ್ಯರಾಶಿಯನ್ನು ಗುರುತ್ವ ಎಳೆಯುವ ಬಲ. ಬಲವನ್ನು ಅಳೆಯುವ ಮಾನ ನ್ಯೂಟನ್. ಒಂದು ನ್ಯೂಟನ್ ಎಷ್ಟು ಎಂಬ ಅಂದಾಜು ಬೇಕಾದರೆ ನೂರು ಗ್ರಾಂ ತೂಗುವ ವಸ್ತುವನ್ನು ಅಂಗೈಯಲ್ಲಿ ಇಟ್ಟುಕೊಳ್ಳಿ. ಅದು ಅಂಗೈಯನ್ನು ಒತ್ತುವ ಬಲ ಸುಮಾರು ಒಂದು ನ್ಯೂಟನ್. 60 ಕಿಲೋಗ್ರಾಂ ದ್ರವ್ಯರಾಶಿಯ ವ್ಯಕ್ತಿಯನ್ನು ಭೂಮಿ ಸುಮಾರು 588 ನ್ಯೂಟನ್ ಬಲದಿಂದ ಎಳೆಯುತ್ತದೆ. ಅದೇ ವ್ಯಕ್ತಿಯನ್ನು ಚಂದ್ರ ತನ್ನ ನೆಲದ ಮೇಲೆ ಎಳೆಯುವುದು ಸುಮಾರು 97 ನ್ಯೂಟನ್ ಬಲದಿಂದ.

ಎರಡು ತಟ್ಟೆಗಳ ತಕ್ಕಡಿಗೂ ಸ್ಪ್ರಿಂಗ್ ತಕ್ಕಡಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಎರಡು ತಟ್ಟೆಗಳ ತಕ್ಕಡಿ ಒಂದು ದ್ರವ್ಯರಾಶಿಯನ್ನು ಇನ್ನೊಂದರೊಂದಿಗೆ ಹೋಲಿಸುತ್ತದೆ. ಸೆಳೆತ ಕಡಿಮೆಯಾದರೆ ಎರಡೂ ಕಡೆ ಸಮನಾಗಿ ಕಡಿಮೆಯಾಗುವುದರಿಂದ ಅದು ಚಂದ್ರನ ಮೇಲೂ ಸರಿಯಾದ ಉತ್ತರವನ್ನೇ ಕೊಡುತ್ತದೆ. ಸ್ಪ್ರಿಂಗ್ ತಕ್ಕಡಿಯಾಗಲಿ, ಮೇಲೆ ಹತ್ತಿ ನಿಲ್ಲುವ ಎಲೆಕ್ಟ್ರಾನಿಕ್ ಯಂತ್ರವಾಗಲಿ ಅಳೆಯುವುದು ಬಲವನ್ನು. ಆ ಬಲವನ್ನು ಭೂಮಿಯ ಲೆಕ್ಕದಿಂದ ಭಾಗಿಸಿ ಕಿಲೋಗ್ರಾಂನಲ್ಲಿ ತೋರಿಸುತ್ತದೆ. ಅದನ್ನು ಚಂದ್ರನಿಗೆ ಒಯ್ದರೆ 60 ಕಿಲೋಗ್ರಾಂ ವ್ಯಕ್ತಿಗೆ 10 ಕಿಲೋಗ್ರಾಂ ಎಂದು ತೋರಿಸುತ್ತದೆ.

ಸೆಳೆತದ ದರ

ಭೂಮಿಯ ನೆಲದ ಮೇಲೆ ಒಂದು ಕಿಲೋಗ್ರಾಂ ವಸ್ತುವಿನ ಮೇಲೆ 9.8 ನ್ಯೂಟನ್ ಬಲ. ಎರಡು ಕಿಲೋಗ್ರಾಂ ಆದರೆ 19.6. ಹತ್ತು ಕಿಲೋಗ್ರಾಂ ಆದರೆ 98. ವಸ್ತು ಯಾವುದೇ ಇರಲಿ, ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ಪ್ರತಿ ಸಲವೂ ಬರುವುದು 9.8. ಕಬ್ಬಿಣಕ್ಕೂ ಅಷ್ಟೇ, ಹತ್ತಿಗೂ ಅಷ್ಟೇ, ನಮಗೂ ಅಷ್ಟೇ.

ಇದು ಕಿಲೋ ಲೆಕ್ಕದಲ್ಲಿ ಸರಕು ಮಾರುವಾಗಿನ ದರದಂತೆ. ಎಷ್ಟು ಕೊಂಡಿರಿ ಎಂಬುದರ ಮೇಲೆ ಒಟ್ಟು ಮೊತ್ತ ಬದಲಾಗುತ್ತದೆ. ದರ ಮಾತ್ರ ಆ ಅಂಗಡಿಯಲ್ಲಿ ಆ ಹೊತ್ತಿಗೆ ಒಂದೇ. ಬೇರೆ ಅಂಗಡಿಗೆ ಹೋದರೆ ದರವೇ ಬೇರೆ. ಗುರುತ್ವ ಕ್ಷೇತ್ರ ತೀವ್ರತೆ ಎಂದರೆ ಒಂದು ಜಾಗದಲ್ಲಿ ನಡೆಯುವ ಸೆಳೆತದ ದರ: ಪ್ರತಿ ಕಿಲೋಗ್ರಾಮಿಗೆ ಎಷ್ಟು ನ್ಯೂಟನ್ ಎಂಬುದು. ಇಂಗ್ಲಿಷ್ ಅಕ್ಷರ ಜಿ ಇದರ ಸಂಕೇತ. ಭೂಮಿಯ ಮೇಲೆ ಅದರ ಬೆಲೆ 9.8, ಚಂದ್ರನ ಮೇಲೆ 1.62, ಮಂಗಳನ ಮೇಲೆ 3.7. ತೂಕ ಬೇಕಾದರೆ ದ್ರವ್ಯರಾಶಿಯನ್ನು ಆ ಜಾಗದ ದರದಿಂದ ಗುಣಿಸಿದರೆ ಸಾಕು.

ಇಲ್ಲಿ ಗಮನಿಸಬೇಕಾದದ್ದು, 9.8 ಎನ್ನುವುದು ಬೀಳುವ ಕಲ್ಲಿನ ಗುಣವಲ್ಲ, ಅದು ಜಾಗದ ಗುಣ. ಅಲ್ಲಿ ಕಲ್ಲು ಇದ್ದರೂ ಇಲ್ಲದಿದ್ದರೂ ಆ ಸಂಖ್ಯೆ ಅಲ್ಲಿದೆ. 'ಕ್ಷೇತ್ರ' ಎಂಬ ಮಾತಿನ ಅರ್ಥವೇ ಇದು. ಕೋಣೆಯ ಪ್ರತಿಯೊಂದು ಮೂಲೆಗೂ ಒಂದು ಉಷ್ಣತೆ ಇರುತ್ತದೆ. ಥರ್ಮಾಮೀಟರ್ ಇಟ್ಟ ಮೇಲೆ ಅದು ಹುಟ್ಟುವುದಿಲ್ಲ, ನಮಗೆ ತಿಳಿಯುತ್ತದೆ ಅಷ್ಟೇ. ಗುರುತ್ವ ಕ್ಷೇತ್ರವೂ ಹಾಗೆಯೇ, ಆದರೆ ಅದಕ್ಕೆ ಸಂಖ್ಯೆಯ ಜೊತೆಗೆ ದಿಕ್ಕೂ ಇದೆ. ಆದ್ದರಿಂದ ಹವಾಮಾನ ನಕ್ಷೆಯಲ್ಲಿ ಗಾಳಿಯನ್ನು ತೋರಿಸುವ ಬಾಣಗಳು ಇನ್ನೂ ಹತ್ತಿರದ ಹೋಲಿಕೆ. ಭೂಮಿಯ ಸುತ್ತಲಿನ ಅವಕಾಶದಲ್ಲೆಲ್ಲ ಇಂಥ ಬಾಣಗಳು ತುಂಬಿವೆ ಎಂದುಕೊಳ್ಳಿ. ಎಲ್ಲವೂ ಭೂಮಿಯ ಕೇಂದ್ರದತ್ತ ತಿರುಗಿವೆ. ಹತ್ತಿರದವು ಉದ್ದ, ದೂರ ಹೋದಂತೆ ಗಿಡ್ಡ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು ಅಂಥ ಒಂದು ಬಾಣವನ್ನೇ ನಮಗೆ ತೋರಿಸುತ್ತದೆ. 'ಕೆಳಗೆ' ಎಂಬ ಪದಕ್ಕೆ ಅರ್ಥ ಬಂದಿರುವುದೇ ಈ ದಿಕ್ಕಿನಿಂದ.

ಒಂದು ಕೋಣೆಯ ಮಟ್ಟಿಗೆ ಈ ಬಾಣಗಳೆಲ್ಲ ಸಮಾಂತರ, ಸಮಾನ ಎಂದೇ ಲೆಕ್ಕ ಹಾಕಬಹುದು. ಮೂರು ಮೀಟರ್ ಎತ್ತರದ ಸೂರಿಗೂ ನೆಲಕ್ಕೂ ಇರುವ ವ್ಯತ್ಯಾಸ ಹತ್ತು ಲಕ್ಷದಲ್ಲಿ ಒಂದು ಪಾಲು.

ಒಂದೇ ಸಂಖ್ಯೆಗೆ ಎರಡು ಮಾನ

ಶಾಲೆಯಲ್ಲಿ ಬಹಳಷ್ಟು ಮಂದಿ 9.8 ಎಂಬುದನ್ನು ಮೊದಲು ಕಲಿಯುವುದು ಗುರುತ್ವ ವೇಗೋತ್ಕರ್ಷ ಎಂಬ ಹೆಸರಿನಲ್ಲಿ. ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬ ಅಳತೆ ಅದು. ಮುಂದಿನ ತರಗತಿಯಲ್ಲಿ ಅದೇ 9.8 'ಪ್ರತಿ ಕಿಲೋಗ್ರಾಮಿಗೆ ನ್ಯೂಟನ್' ಎಂಬ ಮಾನದೊಂದಿಗೆ ಬಂದಾಗ ಗೊಂದಲವಾಗುವುದು ಸಹಜ. ಎರಡೂ ಒಂದೇ. ಒಂದು ಕಿಲೋಗ್ರಾಂ ವಸ್ತುವಿನ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಒಂದು ಮೀಟರಿನಷ್ಟು ಹೆಚ್ಚಿಸುವ ಬಲಕ್ಕೇ ಒಂದು ನ್ಯೂಟನ್ ಎಂದು ಹೆಸರಿಟ್ಟಿರುವುದು. ಹಾಗಾಗಿ ಕಿಲೋಗ್ರಾಮಿಗೆ 9.8 ನ್ಯೂಟನ್ ಬಲ ಬಿದ್ದಾಗ, ತಡೆಯುವುದು ಏನೂ ಇಲ್ಲದಿದ್ದರೆ, ವೇಗ ಪ್ರತಿ ಸೆಕೆಂಡಿಗೆ 9.8 ಮೀಟರಿನಂತೆ ಏರುತ್ತದೆ.

ಭಾರದ ವಸ್ತು ಬೇಗ ಬೀಳಬೇಕಲ್ಲವೇ ಎಂಬ ಹಳೆಯ ಸಂಶಯಕ್ಕೂ ಉತ್ತರ ಇಲ್ಲಿಯೇ ಇದೆ. ಹತ್ತುಪಟ್ಟು ದ್ರವ್ಯರಾಶಿಯ ವಸ್ತುವಿನ ಮೇಲೆ ಹತ್ತುಪಟ್ಟು ಬಲ ಬೀಳುವುದು ನಿಜ. ಆದರೆ ಅದನ್ನು ಅಲುಗಿಸಲು ಬೇಕಾದ ಬಲವೂ ಹತ್ತುಪಟ್ಟು. ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ನಮ್ಮ ಕಣ್ಣಿಗೆ ಗರಿ ನಿಧಾನವಾಗಿ ಬೀಳುವಂತೆ ಕಾಣುವುದು ಗಾಳಿಯ ತಡೆಯಿಂದ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆಯನ್ನೂ ಇನ್ನೊಂದು ಕೈಯಿಂದ ಗಿಡುಗದ ಗರಿಯನ್ನೂ ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ಎರಡು ಹೆಸರುಗಳಲ್ಲಿ 'ಕ್ಷೇತ್ರ ತೀವ್ರತೆ' ಹೆಚ್ಚು ಅರ್ಥಪೂರ್ಣವೆಂದು ನನಗನ್ನಿಸುತ್ತದೆ. ಮೇಜಿನ ಮೇಲಿರುವ ಪುಸ್ತಕ ಎಲ್ಲಿಗೂ ಬೀಳುತ್ತಿಲ್ಲ. ಅದರ ವೇಗ ಹೆಚ್ಚುತ್ತಲೂ ಇಲ್ಲ. ಆದರೂ ಅದರ ಪ್ರತಿ ಕಿಲೋಗ್ರಾಮನ್ನೂ 9.8 ನ್ಯೂಟನ್ ಬಲ ಎಳೆಯುತ್ತಲೇ ಇದೆ, ಮೇಜು ಅಷ್ಟೇ ಬಲದಿಂದ ಎತ್ತಿ ಹಿಡಿದಿದೆ.

ಸಂಖ್ಯೆ ಎಲ್ಲಿಂದ ಬರುತ್ತದೆ

ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ಒಂದು ಗೋಳದ ಹೊರಗೆ ಕ್ಷೇತ್ರ ತೀವ್ರತೆಯನ್ನು ನಿರ್ಧರಿಸುವುದು ಎರಡೇ ಸಂಗತಿಗಳು: ಆ ಗೋಳದ ದ್ರವ್ಯರಾಶಿ ಮತ್ತು ಅದರ ಕೇಂದ್ರದಿಂದ ನಮಗಿರುವ ದೂರ. ದ್ರವ್ಯರಾಶಿ ಎರಡುಪಟ್ಟಾದರೆ ತೀವ್ರತೆಯೂ ಎರಡುಪಟ್ಟು. ದೂರ ಎರಡುಪಟ್ಟಾದರೆ ತೀವ್ರತೆ ನಾಲ್ಕನೇ ಒಂದು ಪಾಲು, ಮೂರುಪಟ್ಟಾದರೆ ಒಂಬತ್ತನೇ ಒಂದು ಪಾಲು. ಇದನ್ನು ವಿಲೋಮ ವರ್ಗ ನಿಯಮ ಎನ್ನುತ್ತಾರೆ.

ವರ್ಗ ಏಕೆ? ದೀಪವೊಂದರ ಬೆಳಕನ್ನು ನೆನೆಯಿರಿ. ದೀಪದಿಂದ ಹೊರಟ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆ. ಒಂದು ಮೀಟರ್ ದೂರದಲ್ಲಿ ಅಂಗೈಯಗಲದ ಜಾಗವನ್ನು ಬೆಳಗಿದ್ದ ಬೆಳಕು ಎರಡು ಮೀಟರ್ ದೂರಕ್ಕೆ ಬರುವಾಗ ಅಗಲದಲ್ಲೂ ಎತ್ತರದಲ್ಲೂ ಎರಡೆರಡುಪಟ್ಟು ಹಿಗ್ಗಿ ನಾಲ್ಕು ಅಂಗೈಗಳಷ್ಟು ಜಾಗವನ್ನು ತುಂಬಬೇಕು. ಆದ್ದರಿಂದ ಪ್ರತಿ ಅಂಗೈಗೂ ಸಿಗುವುದು ಕಾಲುಭಾಗ. ಗುರುತ್ವವೂ ಇದೇ ರೀತಿಯಲ್ಲಿ ತೆಳುವಾಗುತ್ತ ಹೋಗುತ್ತದೆ, ಆದರೆ ಎಷ್ಟೇ ದೂರಕ್ಕೂ ಪೂರ್ತಿ ಸೊನ್ನೆಯಾಗುವುದಿಲ್ಲ.

ನ್ಯೂಟನ್ ತನ್ನ ನಿಯಮವನ್ನು ಪರೀಕ್ಷಿಸಿದ ರೀತಿ ಬಹಳ ಸುಂದರವಾದದ್ದು. ಚಂದ್ರನಿರುವುದು ಭೂಮಿಯ ಕೇಂದ್ರದಿಂದ ಸುಮಾರು 3,84,400 ಕಿಲೋಮೀಟರ್ ದೂರದಲ್ಲಿ. ಅಂದರೆ ಭೂಮಿಯ ತ್ರಿಜ್ಯದ 60ಪಟ್ಟು. ಹಾಗಾದರೆ ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ 3,600ನೇ ಒಂದು ಪಾಲು ಇರಬೇಕು. ನೆಲದ ಹತ್ತಿರ ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಅದನ್ನು 3,600ರಿಂದ ಭಾಗಿಸಿದರೆ ಸುಮಾರು 1.36 ಮಿಲಿಮೀಟರ್. ಚಂದ್ರ ತನ್ನ ಕಕ್ಷೆಯಲ್ಲಿ ನೇರ ದಾರಿಯನ್ನು ಬಿಟ್ಟು ಭೂಮಿಯತ್ತ ಒಂದು ಸೆಕೆಂಡಿನಲ್ಲಿ ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕಿದರೂ ಬರುವುದು ಅದೇ ಉತ್ತರ. ಕೈಯಿಂದ ಜಾರಿದ ಕಲ್ಲಿಗೂ ಆಕಾಶದ ಚಂದ್ರನಿಗೂ ಒಂದೇ ಕಾನೂನು ಎಂಬುದಕ್ಕೆ ಈ ಮಿಲಿಮೀಟರ್ ಲೆಕ್ಕ ಸಾಕ್ಷಿಯಾಯಿತು.

ದ್ರವ್ಯರಾಶಿ, ದೂರ ಎರಡೂ ಸೇರಿ ಕೆಲಸ ಮಾಡುವುದರಿಂದ ಗ್ರಹಗಳ ವಿಷಯದಲ್ಲಿ ನಮ್ಮ ಊಹೆ ತಪ್ಪುವುದುಂಟು. ಶನಿಗ್ರಹದ ದ್ರವ್ಯರಾಶಿ ಭೂಮಿಯ 95ಪಟ್ಟು. ಆದರೂ ಅದರ ಮೋಡಗಳ ಮೇಲ್ಮೈಯಲ್ಲಿ ಸೆಳೆತ ಭೂಮಿಯದಕ್ಕಿಂತ ಸ್ವಲ್ಪವೇ ಬೇರೆ. ಶನಿ ಅಷ್ಟು ಉಬ್ಬಿಕೊಂಡಿದೆ, ಮೇಲ್ಮೈ ಕೇಂದ್ರದಿಂದ ಅಷ್ಟು ದೂರವಿದೆ. ಮಂಗಳನ ದ್ರವ್ಯರಾಶಿ ಬುಧನದಕ್ಕಿಂತ ಹೆಚ್ಚುಕಡಿಮೆ ಎರಡುಪಟ್ಟು. ಎರಡರ ನೆಲದ ಮೇಲೂ ತೀವ್ರತೆ ಸುಮಾರು 3.7. ಚಂದ್ರನ ದ್ರವ್ಯರಾಶಿ ಭೂಮಿಯ 81ನೇ ಒಂದು ಪಾಲು ಮಾತ್ರ, ಆದರೆ ಅದರ ನೆಲ ಕೇಂದ್ರಕ್ಕೆ ಹತ್ತಿರವಿರುವುದರಿಂದ ಸೆಳೆತ ಆರನೇ ಒಂದು ಪಾಲಿಗೆ ಬಂದು ನಿಲ್ಲುತ್ತದೆ.

ಬಾಣಗಳಿಗೆ ದಿಕ್ಕಿದೆ ಎಂದೆನಲ್ಲ, ಅದರ ಪರಿಣಾಮ ಭೂಮಿ ಮತ್ತು ಚಂದ್ರರ ನಡುವೆ ಕಾಣುತ್ತದೆ. ಭೂಮಿಯಿಂದ ಹೊರಟು ಚಂದ್ರನವರೆಗಿನ ದಾರಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು, ಸುಮಾರು 3,46,000 ಕಿಲೋಮೀಟರ್ ಸಾಗಿದಾಗ, ಹಿಂದಕ್ಕೆಳೆಯುವ ಭೂಮಿಯ ಬಾಣವೂ ಮುಂದಕ್ಕೆಳೆಯುವ ಚಂದ್ರನ ಬಾಣವೂ ಸಮವಾಗಿ ಒಂದನ್ನೊಂದು ಅಳಿಸಿಹಾಕುತ್ತವೆ.

ಚಿಕ್ಕ ಜಿ, ದೊಡ್ಡ ಜಿ

ನ್ಯೂಟನ್ನನ ಸೂತ್ರದಲ್ಲಿ ಇನ್ನೊಂದು ಜಿ ಇದೆ. ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆಯುವ ಅದು ಗುರುತ್ವ ಸ್ಥಿರಾಂಕ. ಚಿಕ್ಕ ಜಿ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ದೊಡ್ಡ ಜಿ ವಿಶ್ವದಲ್ಲೆಲ್ಲ ಒಂದೇ. ಅದು ಅತ್ಯಂತ ಸಣ್ಣ ಸಂಖ್ಯೆ. ಒಂದೊಂದು ಕಿಲೋಗ್ರಾಮಿನ ಎರಡು ಗುಂಡುಗಳನ್ನು ಕೇಂದ್ರದಿಂದ ಕೇಂದ್ರಕ್ಕೆ ಒಂದು ಮೀಟರ್ ಅಂತರದಲ್ಲಿಟ್ಟರೆ ಅವುಗಳ ನಡುವಿನ ಸೆಳೆತ ಒಂದು ನ್ಯೂಟನ್ನಿನ ಸಾವಿರದ ಐನೂರು ಕೋಟಿಯಲ್ಲಿ ಒಂದು ಪಾಲು. ಅಕ್ಕಪಕ್ಕ ಕುಳಿತ ಇಬ್ಬರಿಗೆ ಪರಸ್ಪರ ಸೆಳೆತ ತಿಳಿಯದಿರುವುದು ಇದರಿಂದಲೇ. ಸೆಳೆತ ನಮ್ಮ ಅನುಭವಕ್ಕೆ ಬರಬೇಕಾದರೆ ಒಂದು ಕಡೆ ಭೂಮಿಯಷ್ಟು ದೊಡ್ಡದು ಇರಬೇಕು.

1798ರಲ್ಲಿ ಹೆನ್ರಿ ಕ್ಯಾವೆಂಡಿಷ್ ತೆಳುವಾದ ತಂತಿಯಿಂದ ಅಡ್ಡಕೋಲೊಂದನ್ನು ತೂಗುಬಿಟ್ಟು, ಅದರ ತುದಿಗಳ ಚಿಕ್ಕ ಗುಂಡುಗಳನ್ನು 158 ಕಿಲೋಗ್ರಾಮಿನ ಸೀಸದ ಗುಂಡುಗಳು ಎಷ್ಟು ಎಳೆಯುತ್ತವೆ ಎಂದು ಅಳೆದ. ತನ್ನ ಪ್ರಯೋಗವನ್ನು ಆತ ಭೂಮಿಯ ಸಾಂದ್ರತೆಯನ್ನು ತಿಳಿಯುವ ಪ್ರಯತ್ನವೆಂದೇ ಕರೆದ, ಅದು ನೀರಿನ ಸುಮಾರು ಐದೂವರೆಪಟ್ಟು ಎಂದು ಕಂಡುಕೊಂಡ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ದೊಡ್ಡ ಜಿ ಸಿಕ್ಕಿತು. ಚಿಕ್ಕ ಜಿ ಮತ್ತು ಭೂಮಿಯ ತ್ರಿಜ್ಯ ಮೊದಲೇ ಗೊತ್ತಿದ್ದವು. ಸೂತ್ರದಲ್ಲಿ ಉಳಿದದ್ದು ಭೂಮಿಯ ದ್ರವ್ಯರಾಶಿ ಮಾತ್ರ. ಕೋಣೆಯೊಳಗಿನ ಗುಂಡುಗಳ ಸೆಳೆತದಿಂದ ಇಡೀ ಭೂಮಿ ತೂಗಿಬಂತು.

ಹಾಗಾದರೆ ಗಗನಯಾತ್ರಿಗಳು ತೇಲುವುದು ಏಕೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಿಲ್ದಾಣವಿರುವ ಎತ್ತರದಲ್ಲಿ ಕ್ಷೇತ್ರ ತೀವ್ರತೆ ಸುಮಾರು 8.7. ಆದರೆ ನಿಲ್ದಾಣ ನಿಂತಿಲ್ಲ, ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಧಾವಿಸುತ್ತಿದೆ. ಭೂಮಿ ಅದನ್ನು ಕೆಳಗೆಳೆಯುತ್ತದೆ, ಅದು ಬೀಳುತ್ತದೆ ಕೂಡ. ಆದರೆ ಅದು ನಾಲ್ಕು ಮೀಟರಿಗೂ ತುಸು ಹೆಚ್ಚು ಬೀಳುವಷ್ಟರಲ್ಲಿ ಎಷ್ಟು ಮುಂದೆ ಹೋಗಿರುತ್ತದೆಂದರೆ, ದುಂಡಗಿನ ಭೂಮಿಯ ನೆಲವೂ ಅಷ್ಟೇ ಕೆಳಕ್ಕೆ ಬಾಗಿರುತ್ತದೆ. ಹೀಗೆ ಬೀಳುತ್ತಲೇ ಇದ್ದು ಎಂದೂ ನೆಲ ತಲುಪದ ಸ್ಥಿತಿಯ ಹೆಸರೇ ಕಕ್ಷೆ. ಸುಮಾರು ಒಂದೂವರೆ ಗಂಟೆಗೊಮ್ಮೆ ನಿಲ್ದಾಣ ಭೂಮಿಯನ್ನು ಒಂದು ಸುತ್ತು ಬೀಳುತ್ತದೆ.

ಒಳಗಿರುವ ಮನುಷ್ಯ, ಪೆನ್ನು, ನೀರಿನ ಉಂಡೆ ಎಲ್ಲವೂ ಅದೇ ದರದಲ್ಲಿ ಜೊತೆಜೊತೆಗೆ ಬೀಳುತ್ತಿರುತ್ತವೆ. ಸುತ್ತಿಗೆಯೂ ಗರಿಯೂ ಒಟ್ಟಿಗೆ ಬಿದ್ದದ್ದು ಇದೇ ಕಾರಣಕ್ಕೆ. ನೆಲ ಕಾಲನ್ನು ಒತ್ತುವುದಿಲ್ಲ, ಏಕೆಂದರೆ ನೆಲವೂ ಬೀಳುತ್ತಿದೆ. ನಾವು 'ತೂಕ' ಎಂದು ಅನುಭವಿಸುವುದು ಗುರುತ್ವವನ್ನಲ್ಲ, ನಮ್ಮನ್ನು ಬೀಳದಂತೆ ತಡೆದಿರುವ ನೆಲದ ಅಥವಾ ಕುರ್ಚಿಯ ಒತ್ತಡವನ್ನು. ಒತ್ತಡವಿಲ್ಲದಲ್ಲಿ ಸೆಳೆತವಿದ್ದರೂ ಅದು ಮೈಗೆ ತಿಳಿಯುವುದಿಲ್ಲ. ಮೊಬೈಲ್ ಫೋನಿನೊಳಗಿನ ವೇಗೋತ್ಕರ್ಷ ಸಂವೇದಕವೂ ಹೀಗೆಯೇ: ಮೇಜಿನ ಮೇಲೆ ಸುಮ್ಮನಿರುವಾಗ ಸುಮಾರು 9.8 ತೋರಿಸುತ್ತದೆ, ಕೈಜಾರಿ ಬೀಳುವ ಆ ಕ್ಷಣದಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ.

ಭೂಮಿಯ ಮೇಲೂ ಎಲ್ಲೆಡೆ ಒಂದೇ ಅಲ್ಲ

1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ ರಿಶೆ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ. ಸಮಭಾಜಕ ವೃತ್ತಕ್ಕೆ ಹತ್ತಿರದ ಊರು ಅದು. ಪ್ಯಾರಿಸ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿರಲಿಲ್ಲ. ಲೋಲಕವನ್ನು ಎಳೆಯುವ ಸೆಳೆತವೇ ಅಲ್ಲಿ ಕಡಿಮೆಯಿತ್ತು, ಹಾಗಾಗಿ ಅದು ನಿಧಾನವಾಗಿ ತೂಗುತ್ತಿತ್ತು. ಭೂಮಿ ನಡುವಿನಲ್ಲಿ ಉಬ್ಬಿದೆ ಎಂಬ ತನ್ನ ವಾದಕ್ಕೆ ನ್ಯೂಟನ್ ಈ ಗಡಿಯಾರವನ್ನೂ ಸಾಕ್ಷಿಯಾಗಿ ತಂದ.

ಆ ವಾದ ಸರಿಯಿತ್ತು. ಸಮಭಾಜಕದಲ್ಲಿ ನೆಲ ಭೂಮಿಯ ಕೇಂದ್ರದಿಂದ 6,378 ಕಿಲೋಮೀಟರ್ ದೂರ, ಧ್ರುವಗಳಲ್ಲಿ 6,357. ಈ 21 ಕಿಲೋಮೀಟರ್ ಉಬ್ಬಿನ ಜೊತೆಗೆ ಭೂಮಿಯ ತಿರುಗಾಟವೂ ಸೇರುತ್ತದೆ. ತಿರುಗುವ ಭೂಮಿಯ ಮೇಲಿನ ವಸ್ತುವನ್ನು ವೃತ್ತದಲ್ಲಿ ಹಿಡಿದಿಡಲು ಸೆಳೆತದ ಒಂದು ಸಣ್ಣ ಪಾಲು ಖರ್ಚಾಗುತ್ತದೆ. ಸಮಭಾಜಕದಲ್ಲಿ ಅದು ಅತಿ ಹೆಚ್ಚು, ಧ್ರುವದಲ್ಲಿ ಸೊನ್ನೆ. ಎರಡೂ ಸೇರಿ ನಾವು ಅಳೆಯುವ ಬೆಲೆ ಸಮಭಾಜಕದಲ್ಲಿ 9.780, ಧ್ರುವಗಳಲ್ಲಿ 9.832. ಒಂದೇ ಸ್ಪ್ರಿಂಗ್ ತಕ್ಕಡಿಯನ್ನು ಎರಡೂ ಕಡೆ ಬಳಸಿದರೆ 60 ಕಿಲೋಗ್ರಾಮಿಗೆ 300 ಗ್ರಾಮಿಗಿಂತ ತುಸು ಹೆಚ್ಚು ವ್ಯತ್ಯಾಸ ಕಾಣುತ್ತದೆ. ವಿಜ್ಞಾನ ಮತ್ತು ವಾಣಿಜ್ಯದ ಲೆಕ್ಕಗಳಿಗೆ ಒಂದು ಒಪ್ಪಿತ ಬೆಲೆ ಬೇಕಾಗಿದ್ದರಿಂದ 1901ರಲ್ಲಿ 9.80665 ಎಂಬುದನ್ನು ಪ್ರಮಾಣವಾಗಿ ಇಟ್ಟುಕೊಳ್ಳಲಾಯಿತು.

ಎತ್ತರವೂ ಲೆಕ್ಕಕ್ಕೆ ಬರುತ್ತದೆ, ಪ್ರತಿ ಕಿಲೋಮೀಟರಿಗೆ ಸುಮಾರು 0.003ರಷ್ಟು ಇಳಿಕೆ. ಆದರೆ ಇವೆಲ್ಲಕ್ಕಿಂತ ನನ್ನನ್ನು ಹಿಡಿದಿಡುವುದು ಕಾಲ ಕೆಳಗೆ ಏನಿದೆ ಎಂಬುದು. ನೆಲದಡಿಯಲ್ಲಿ ಸಾಂದ್ರವಾದ ಅದಿರು ಇದ್ದರೆ ಮೇಲಿನ ತೀವ್ರತೆ ಕೂದಲೆಳೆಯಷ್ಟು ಹೆಚ್ಚುತ್ತದೆ. ಪೊಳ್ಳು ಗುಹೆಯೋ ಹಗುರವಾದ ಉಪ್ಪಿನ ಪದರವೋ ಇದ್ದರೆ ಇಳಿಯುತ್ತದೆ. ಗ್ರಾವಿಮೀಟರ್ ಎಂಬ ಉಪಕರಣ ಇಂಥ ವ್ಯತ್ಯಾಸಗಳನ್ನು ಹಿಡಿಯುತ್ತದೆ. ನಿರ್ವಾತದಲ್ಲಿ ಬೀಳುವ ಕನ್ನಡಿಯನ್ನು ಲೇಸರಿನಿಂದ ಗಮನಿಸುವ ಉಪಕರಣಗಳಂತೂ ನೂರು ಕೋಟಿಯಲ್ಲಿ ಕೆಲವೇ ಪಾಲಿನ ನಿಖರತೆಯಿಂದ ಜಿಯನ್ನು ಅಳೆಯುತ್ತವೆ. ಅಗೆಯದೆಯೇ ನೆಲದೊಳಗನ್ನು ನೋಡುವ ಒಂದು ದಾರಿ ಇದು.

ಇದನ್ನೇ ಇಡೀ ಭೂಮಿಗೆ ವಿಸ್ತರಿಸಿದ್ದು 2002ರಲ್ಲಿ ಹಾರಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು. ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ಮುಂದಿನ ಉಪಗ್ರಹ ಹೆಚ್ಚು ದ್ರವ್ಯವಿರುವ ಪ್ರದೇಶದತ್ತ ಬಂದಾಗ ಸೆಳೆತಕ್ಕೆ ಸಿಕ್ಕಿ ಕೊಂಚ ಮುಂದೆ ಸರಿಯುತ್ತದೆ, ಹಿಂದಿನದು ನಂತರ ಬಂದು ಸೇರಿಕೊಳ್ಳುತ್ತದೆ. ಅಂತರದಲ್ಲಾಗುವ ಈ ಬದಲಾವಣೆಯನ್ನು ಮಿಲಿಮೀಟರಿನ ಸಾವಿರದ ಒಂದು ಪಾಲಿನ ಮಟ್ಟದಲ್ಲಿ ಅವು ಅಳೆದವು. ತಿಂಗಳಿಂದ ತಿಂಗಳಿಗೆ ನಕ್ಷೆ ಬದಲಾಗುತ್ತಿತ್ತು, ಏಕೆಂದರೆ ನೀರಿಗೂ ದ್ರವ್ಯರಾಶಿ ಇದೆ. ಗ್ರೀನ್‌ಲ್ಯಾಂಡಿನ ಹಿಮ ಕರಗಿ ಹೋದದ್ದು, ವಾಯವ್ಯ ಭಾರತದಲ್ಲಿ ಅಂತರ್ಜಲ ಬರಿದಾಗುತ್ತಿರುವುದು ಇವೆರಡೂ ಆಕಾಶದಿಂದ ಸೆಳೆತದ ಇಳಿಕೆಯಾಗಿ ಕಂಡವು. ಗ್ರೇಸ್ ಕೆಲಸ 2017ರಲ್ಲಿ ಮುಗಿಯಿತು. 2018ರಲ್ಲಿ ಅದರ ಉತ್ತರಾಧಿಕಾರಿ ಜೋಡಿ ಹಾರಿತು.

ಭೂಮಿಯೊಳಕ್ಕೆ ಇಳಿದರೆ?

ಆಳಕ್ಕೆ ಹೋದಂತೆ ಸೆಳೆತ ಒಂದೇ ಸಮನೆ ಕಡಿಮೆಯಾಗುತ್ತದೆ ಎಂದು ಹಲವರು ಓದಿರುತ್ತಾರೆ. ಭೂಮಿಯ ಸಾಂದ್ರತೆ ಎಲ್ಲೆಡೆ ಒಂದೇ ಆಗಿದ್ದರೆ ಅದು ನಿಜವಾಗುತ್ತಿತ್ತು. ಆದರೆ ಭೂಮಿಯ ತಿರುಳು ಮುಖ್ಯವಾಗಿ ಕಬ್ಬಿಣದ್ದು, ಹೊರಪದರಗಳಿಗಿಂತ ಬಹಳ ಸಾಂದ್ರ. ಹಾಗಾಗಿ ಸುಮಾರು 2,900 ಕಿಲೋಮೀಟರ್ ಆಳದಲ್ಲಿ, ತಿರುಳಿನ ಅಂಚಿನಲ್ಲಿ, ತೀವ್ರತೆ ನೆಲದ ಮೇಲಿರುವುದಕ್ಕಿಂತಲೂ ಹೆಚ್ಚಾಗಿ 10.7ರ ಸುಮಾರಿಗೆ ಏರುತ್ತದೆ. ಅಲ್ಲಿಂದ ಮುಂದೆ ಇಳಿಯುತ್ತ ಹೋಗಿ ಕೇಂದ್ರದಲ್ಲಿ ಸೊನ್ನೆಯಾಗುತ್ತದೆ. ಅಲ್ಲಿ ಎಲ್ಲ ದಿಕ್ಕುಗಳಿಂದಲೂ ಸಮನಾದ ಎಳೆತ.

ದಾರ, ಕಲ್ಲು, ಗಡಿಯಾರ

ನೀವಿರುವ ಜಾಗದ ಜಿಯನ್ನು ನೀವೇ ಅಳೆಯಬಹುದು. ಸಣ್ಣ ಭಾರವಾದ ಕಲ್ಲೊಂದನ್ನು ದಾರಕ್ಕೆ ಕಟ್ಟಿ, ದಾರ ಕಟ್ಟಿದ ತುದಿಯಿಂದ ಕಲ್ಲಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಇರುವಂತೆ ತೂಗುಬಿಡಿ. ಒಂದು ಪಕ್ಕಕ್ಕೆ ಒಂದು ಗೇಣಿಗಿಂತ ಕಡಿಮೆ ಎಳೆದು ಮೆಲ್ಲಗೆ ಬಿಡಿ, ದೂಡಬೇಡಿ. ಹೋಗಿ ಮರಳಿ ಬಂದರೆ ಒಂದು ಆಂದೋಲನ. ಇಂಥ 20 ಆಂದೋಲನಗಳಿಗೆ ಹಿಡಿಯುವ ಸಮಯವನ್ನು ಅಳೆದು 20ರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. 39.48ನ್ನು ಆ ಗುಣಲಬ್ಧದಿಂದ ಭಾಗಿಸಿದರೆ ಸಿಗುವುದೇ ಜಿ. 20 ಆಂದೋಲನಗಳಿಗೆ 40 ಸೆಕೆಂಡು ಹಿಡಿದರೆ ಉತ್ತರ 9.87. ಕೈಗಡಿಯಾರ ಒತ್ತುವಲ್ಲಿ ಸ್ವಲ್ಪ ತಡವಾದರೂ ಉತ್ತರ ಕದಲುತ್ತದೆ, ಆದ್ದರಿಂದ ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯುವುದು ಒಳ್ಳೆಯದು. ಕಲ್ಲನ್ನು ಬದಲಿಸಿ ಇನ್ನೂ ಭಾರದ್ದನ್ನು ಕಟ್ಟಿ ನೋಡಿ; ಉದ್ದ ಅಷ್ಟೇ ಇದ್ದರೆ ಸಮಯವೂ ಅಷ್ಟೇ ಇರುತ್ತದೆ. ಇದೇ ದಾರ, ಇದೇ ಕಲ್ಲು ಚಂದ್ರನ ಮೇಲಿದ್ದರೆ 20 ಆಂದೋಲನಗಳಿಗೆ ಸುಮಾರು 99 ಸೆಕೆಂಡು ಬೇಕಾಗುತ್ತದೆ.